ಸತ್ತವರಿಗೆ ಕೊಟ್ಟ ಮಾತು

ನವೆಂಬರ್ 3, ಸೋಮವಾರ

ಇವತ್ತು ಮೈಕಿನಲ್ಲಿ ಓದಿದ್ದು: ಬೆಳಗ್ಗೆ ಹತ್ತರ ಮೇಲೆ ಕರೆಂಟು ಇರುವುದಿಲ್ಲ. ಬಡಗಿಯ ಮನೆಯ ಕಂದು ಕರು ಕಾಣೆಯಾಗಿದೆ, ಕಂಡವರು ಕಟ್ಟಿಹಾಕಿ ತಿಳಿಸುವುದು. ಕೆರೆ ರಸ್ತೆಯ ರಿಪೇರಿ ನಾಳೆಯಿಂದ ಶುರುವಾಗುತ್ತದೆ ಎಂದು ಪಂಚಾಯಿತಿಯ ಪ್ರಕಟಣೆ. ಅಂದ ಹಾಗೆ, ಇದು ಹೋದ ವರ್ಷ ಹೇಳಿದ ನಾಳೆಯೋ ಹೊಸ ನಾಳೆಯೋ ಎಂಬುದನ್ನು ಪಂಚಾಯಿತಿಯವರು ತಿಳಿಸಿಲ್ಲ.

ಹಾಲಿನ ಕೇಂದ್ರದ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರು. ಹಿಟ್ಟಿನ ಗಿರಣಿಯವನಂತೂ ಮೈಮೇಲೆ ಹಾಲು ಚೆಲ್ಲಿಕೊಂಡ. ನನಗೆ ನಗುವ ಧೈರ್ಯವಿಲ್ಲ. ಮಾತು ನನ್ನದಲ್ಲ, ನಮ್ಮ ಮನೆಯವರದು.

ಕೇಂದ್ರದ ಕಾರ್ಯದರ್ಶಿಯಾಗಿ ಇವರು ಇಷ್ಟು ವರ್ಷ ಹಾಲು ಅಳೆದರು, ಸುದ್ದಿ ಓದಿದರು, ಪ್ರತಿ ದಿನ ಯಾವುದಾದರೊಂದು ಸುದ್ದಿಯ ಬಾಲಕ್ಕೆ ‘ಅಂದ ಹಾಗೆ’ ಎಂದು ಒಂದು ಮಾತು ಕಟ್ಟಿದರು. ಕೇಂದ್ರದ ಮಾಡಿನ ಮೇಲಿನ ಹಾರ್ನಿನಿಂದ ಅದು ಊರ ಕೊನೆಯ ಮನೆಗೂ ಕೇಳುತ್ತದೆ. ಅದಕ್ಕೇ ಇವರ ಹೆಸರು ಹಾರ್ನಣ್ಣ. ಆಗಸ್ಟಿನಲ್ಲಿ ಲಕ್ವ ಹೊಡೆದ ಮೇಲೆ ಆ ಕುರ್ಚಿಯಲ್ಲಿ ನಾನು. ಸಂಜೆ ಮಂಚದ ಪಕ್ಕ ಕುಳಿತು ಮರುದಿನದ ಚೀಟಿಗಳನ್ನು ಓದಿ ಹೇಳುತ್ತೇನೆ. ಇವರು ಸೊಟ್ಟ ಬಾಯಲ್ಲಿ ಏನೋ ಅನ್ನುತ್ತಾರೆ. ನಾನು ಕಿವಿಯಿಟ್ಟು ಕೇಳಿಕೊಂಡು ಬೆಳಗ್ಗೆ ಅದನ್ನೇ ಒಪ್ಪಿಸುತ್ತೇನೆ. ನಾನು ಬರೀ ಬಾಯಿ. ರಾಜಕೀಯ ಅಂದರೆ ನನಗೆ ತಲೆನೋವು.

ಮೂಗಿನ ನಳಿಕೆಯಲ್ಲಿ ದಿನಾ ಎಷ್ಟು ಗಂಜಿ ಹೋಯಿತು ಬರೆದಿಡಿ ಎಂದಿದ್ದಾಳೆ ನರ್ಸಮ್ಮ. ಗಂಜಿಯ ವಿಷಯ ಒಂದೇ ಸಾಲಿಗೆ ಮುಗಿಯುತ್ತದೆ. ಉಳಿದ ಪುಟ ಖಾಲಿ ಬಿಡಲು ಹೊಟ್ಟೆಯುರಿಯುತ್ತದೆ, ಅದಕ್ಕೆ ಇದು. ಗಂಜಿ ಸಲೀಸಾಗಿ ಹೋಯಿತು.

ನವೆಂಬರ್ 5, ಬುಧವಾರ

ಇವತ್ತು ಕೊಳಲು ಹಾಕಲಿಲ್ಲ. ಬಾವಿಕಟ್ಟೆ ಮನೆಯ ಅಜ್ಜಿ ಹೋದಳು.

ಇವರು ಹಾಕಿಕೊಟ್ಟ ಪದ್ಧತಿ ಇದು. ದಿನಾ ಸುದ್ದಿಗೆ ಮೊದಲು ಒಂದು ಕೊಳಲಿನ ಹಾಡು. ಸಾವಿನ ಸುದ್ದಿಯಿದ್ದರೆ ಹಾಡಿಲ್ಲ. ಮೈಕು ಒಮ್ಮೆ ಕರಕರ ಎನ್ನುತ್ತದೆ, ಆಮೇಲೆ ಸುಮ್ಮನಿರುತ್ತದೆ. ಆ ಸುಮ್ಮನಿರುವುದನ್ನು ಕೇಳಿದೊಡನೆ ಜನ ಕೈಯಲ್ಲಿದ್ದುದನ್ನು ಕೆಳಗಿಡುತ್ತಾರೆ. ಹೆಸರು ಹೇಳುವ ತನಕ ಕಾಯುವವರೂ ಕಡಿಮೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಎಲ್ಲರಿಗೂ ಗೊತ್ತು, ನೇರ ಅಲ್ಲಿಗೇ ಹೊರಡುತ್ತಾರೆ.

ಅಜ್ಜಿಗೆ ಇವರ ಮಾತು: “ಅಂದ ಹಾಗೆ, ಅಜ್ಜಿ ಯಾವತ್ತೂ ಹಾಲಿಗೆ ನೀರು ಹಾಕಲಿಲ್ಲ. ಇದನ್ನು ಹೇಳಲು ಅವಳು ಸಾಯುವವರೆಗೆ ಕಾದದ್ದು ನಮ್ಮ ತಪ್ಪು.”

ಇನ್ನು ಊರಲ್ಲಿ ಹಾಸಿಗೆ ಹಿಡಿದಿರುವವರು ಇವರೊಬ್ಬರೇ.

ನವೆಂಬರ್ 9, ಭಾನುವಾರ

ಅಧ್ಯಕ್ಷ ಬಂದಿದ್ದ. ಇವರ ಅಕ್ಕನ ಮಗ. ಪಂಚಾಯಿತಿ ಅಧ್ಯಕ್ಷನಾಗುವ ಮೊದಲು ನಮ್ಮ ಅಟ್ಟದ ಮೇಲೆ ಓದಿಕೊಂಡು, ನಮ್ಮ ಅಡುಗೆಮನೆಯಲ್ಲಿ ಉಂಡು ಬೆಳೆದವನು. ಈಗ ಬಂದರೆ ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. “ಹೇಗಿದ್ದೀರಿ ಮಾವ?” ಎಂದು ಇವರ ನಳಿಕೆಯನ್ನು ಕೇಳಿದ. ಮುಖ ನೋಡಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿದ. “ಅತ್ತೆ, ಸುದ್ದಿ ಓದಿ, ಬೇಡ ಅನ್ನಲ್ಲ. ಆ ಬಾಲ ಯಾಕೆ ಸೇರಿಸ್ತೀರಿ?”

“ಬಾಲ ನಿನ್ನ ಮಾವಂದು ಕಣಪ್ಪ. ನಾನು ಓದೋದಷ್ಟೇ.”

“ಮಾವನಿಗೆ ಮಾತೇ ಬರಲ್ವಲ್ಲ.”

“ನಿನಗೆ ತಿಳಿಯಲ್ಲ ಅಂದ್ರೆ ಅವರಿಗೆ ಬರಲ್ಲ ಅಂತಲ್ಲ.”

ಹೀಗೆ ಹೇಳಿದವಳೇ ಅಡುಗೆಮನೆಗೆ ಎದ್ದು ಹೋದೆ. ಯಾರಿಗೂ ಎದುರು ಮಾತಾಡಿ ಗೊತ್ತಿಲ್ಲದವಳು ನಾನು.

ಹೋಗುವಾಗ ಒಂದು ಪ್ರಕಟಣೆ ಕೊಟ್ಟು ಹೋದ. ಸಾರ್ವಜನಿಕರ ಅನುಕೂಲಕ್ಕಾಗಿ ನರ್ಸ್ ಕೋಣೆಯನ್ನು ಹೆದ್ದಾರಿಯ ಹೊಸ ಕಟ್ಟಡಕ್ಕೆ ಸಾಗಿಸುವ ಬಗ್ಗೆ ಇಪ್ಪತ್ತೆರಡಕ್ಕೆ ಗ್ರಾಮಸಭೆ. ಆ ಹೊಸ ಕಟ್ಟಡ ಯಾರದು ಎಂದು ಊರಿಗೆ ಊರೇ ಬಲ್ಲದು. ಅವನೇ ಕಟ್ಟಿಸಿದ್ದು, ಖಾಲಿ ಬಿದ್ದಿದೆ. ನರ್ಸ್ ಕೋಣೆ ಈಗ ನಮ್ಮ ಮನೆಗೆ ಮೂರನೆಯ ಬಾಗಿಲು. ನಳಿಕೆ ಕಟ್ಟಿಕೊಂಡರೆ ನಾನು ಇಲ್ಲಿಂದಲೇ ಕೂಗುತ್ತೇನೆ, ಅವಳು ಕೈ ಒರೆಸಿಕೊಳ್ಳುತ್ತ ಬರುತ್ತಾಳೆ. ಹೆದ್ದಾರಿಗೆ ಬಸ್ಸಿನಲ್ಲಿ ಒಂದು ಗಂಟೆ, ಬಸ್ಸು ಬಂದರೆ.

ಪ್ರಕಟಣೆ ಓದಿ ಹೇಳಿದೆ. ಇವರು ಅರ್ಧ ಮುಖದಲ್ಲಿ ನಕ್ಕರು. “ಅನುಕೂಲ... ಯಾರಿಗಂತೆ?” ಎಂದರು. ಅಷ್ಟು ಹೇಳುವುದಕ್ಕೇ ಸುಸ್ತಾಗಿ ಕಣ್ಣು ಮುಚ್ಚಿದರು. ನನಗೆ ಭಯವಾಗುತ್ತಿದೆ. ಆ ಕೋಣೆ ಹೋದರೆ ಇವರನ್ನು ನಾನು ಹೇಗೆ ಉಳಿಸಿಕೊಳ್ಳಲಿ?

ನವೆಂಬರ್ 14, ಶುಕ್ರವಾರ

ನಿನ್ನೆ ಸಂಜೆ ಇವರು ಹೇಳಿದ್ದು ಒಂದೇ ಪದ, ಬಾಡಿಗೆ. ಉಳಿದದ್ದು ಅದರಲ್ಲೇ ಇತ್ತು, ನಾನು ಬಿಡಿಸಿ ಓದಿದೆ: “ಅಂದ ಹಾಗೆ, ಹೆದ್ದಾರಿಯ ಆ ಕಟ್ಟಡಕ್ಕೆ ಇನ್ನೂ ಯಾರೂ ಬಾಡಿಗೆಗೆ ಬಂದಿಲ್ಲ. ಊರವರ ಕಾಯಿಲೆಯಾದರೂ ಬಂದು ಬಾಡಿಗೆ ಕಟ್ಟಲಿ ಎಂಬುದು ಅಧ್ಯಕ್ಷರ ಆಸೆ.”

ಸಾಲಿನಲ್ಲಿ ನಿಂತವರು ಯಾರೂ ನಗಲಿಲ್ಲ. ಕೊನೆಗೆ ಗಿರಣಿಯವನು ಮಾತ್ರ ಕೆಮ್ಮಿದ ಹಾಗೆ ನಕ್ಕ. ಬಡಗಿ ಹಾಲು ಹಾಕಿ ಚೀಟಿ ಇಸಿದುಕೊಳ್ಳುವಾಗ, “ಹುಷಾರು ಅಕ್ಕ,” ಎಂದು ಪಿಸುಗುಟ್ಟಿದ.

ಹುಷಾರಾಗಿರಬೇಕಾದದ್ದು ಇವರು. ನಾನೇನು ಮಾಡಲಿ, ಓದು ಅಂದರೆ ಓದುತ್ತೇನೆ. ಗಂಜಿ ಅರ್ಧ ಹೋಯಿತು, ನಳಿಕೆ ಕಟ್ಟಿತು, ನರ್ಸಮ್ಮ ಬಂದು ಸರಿ ಮಾಡಿದಳು.

ನವೆಂಬರ್ 18, ಮಂಗಳವಾರ

ಎಂಥ ಎಡವಟ್ಟು. ಬರೆದಿಡದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಬೆಳಗ್ಗೆ ಮಂಜು ಕವಿದಿತ್ತು. ಇವರಿಗೆ ಗಂಜಿ ಹಾಕಿ, ಬಾಗಿಲ ಚಿಲಕ ಹೊರಗಿನಿಂದ ಸಿಕ್ಕಿಸಿ ಕೇಂದ್ರಕ್ಕೆ ಹೋದೆ. ಮೈಕು ಹಾಕಿದೆ, ಕರಕರ ಎಂದಿತು. ಕೊಳಲಿನ ಗುಂಡಿ ಒತ್ತಿದೆ, ಹಾಡು ಬರಲಿಲ್ಲ. ಮೆಮರಿ ಕಾರ್ಡು ತೆಗೆದು ಸೆರಗಿನಲ್ಲಿ ಒರೆಸಿ ಹಾಕಿದೆ, ಬರಲಿಲ್ಲ. ಅಷ್ಟು ಹೊತ್ತೂ ಮೈಕು ತೆರೆದೇ ಇತ್ತು, ನಾನು ತುಟಿ ಬಿಚ್ಚಿರಲಿಲ್ಲ. ಕೊನೆಗೆ ಎಲ್ಲ ಆರಿಸಿ, ಈಗ ಹಾಲು ಅಳೆಯುವವನಿಗೂ ಹೇಳದೆ, ಹಿಂಬಾಗಿಲಿನಿಂದ ಸೈಕಲ್ ಅಂಗಡಿಗೆ ಓಡಿದೆ. ಕಾರ್ಡು ರಿಪೇರಿ ಅವನ ಕೈಲೇ ಆಗಬೇಕು. ಅಂಗಡಿಗೆ ಬೀಗ. ಎಲ್ಲಿ ಹೋದ ಎಂದು ಬೈದುಕೊಂಡು ಮನೆ ಕಡೆ ತಿರುಗಿದೆ.

ಅವನು ನಮ್ಮ ಅಂಗಳದಲ್ಲಿದ್ದ. ಇಡೀ ಊರು ನಮ್ಮ ಅಂಗಳದಲ್ಲಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡಿದ್ದರು. ಬಡಗಿಯ ಹೆಂಡತಿ ಓಡಿ ಬಂದು ನನ್ನನ್ನು ತಬ್ಬಿ, “ಧೈರ್ಯ ತಗೋ ಅಕ್ಕ,” ಎಂದು ಅಳತೊಡಗಿದಳು.

ನಾನು ಆಚೆ ಹೋದಾಗ ಇವರು ಹೋಗಿಬಿಟ್ಟರು ಎಂದೇ ತಿಳಿದೆ. ಕಾಲು ಮಡಚಿ ಅಲ್ಲೇ ಕುಳಿತುಬಿಟ್ಟೆ. ಕೊಳಲು ಕೇಳದೆ ಜನರೆಲ್ಲ ಬಂದದ್ದು, ಸುದ್ದಿ ಹೇಳಲೂ ಆಗದೆ ನಾನು ಮೈಕು ಆರಿಸಿದೆ ಎಂದುಕೊಂಡದ್ದು ನನಗೆ ಹೊಳೆಯಲೇ ಇಲ್ಲ. ಹೆಂಡತಿ ಬರುವ ಮೊದಲು ಒಳಗೆ ಹೋಗುವುದು ಸರಿಯಲ್ಲವೆಂದು ಅವರೂ ಚಿಲಕ ಮುಟ್ಟಿರಲಿಲ್ಲ.

ಗಿರಣಿಯವನು ಕಟ್ಟೆಯ ಮೇಲೆ ನಿಂತು, ಹಾರ್ನಣ್ಣನ ಬಾಯಿಗೆ ಹೆದರಿ ತಾನು ತೂಕ ಸರಿ ಮಾಡಿಕೊಂಡದ್ದನ್ನು ಹೇಳುತ್ತಿದ್ದ. ಅಷ್ಟರಲ್ಲಿ ಅಧ್ಯಕ್ಷನ ಜೀಪು ಬಂತು. ಅವನ ಕಣ್ಣು ನಿಜವಾಗಿಯೂ ಕೆಂಪಾಗಿತ್ತು, ಅದನ್ನು ಸುಳ್ಳು ಎನ್ನಲಾರೆ. ನನ್ನ ಎದುರು ಕುಕ್ಕರಗಾಲಲ್ಲಿ ಕುಳಿತು ಕೈ ಹಿಡಿದುಕೊಂಡ. ಎದ್ದು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ನನ್ನನ್ನು ಮನುಷ್ಯನನ್ನಾಗಿ ಮಾಡಿದವರು ಮಾವ. ಅವರಿಗೆ ಇಷ್ಟವಿಲ್ಲದ್ದು ಈ ಊರಲ್ಲಿ ನಡೆಯಲ್ಲ. ನರ್ಸ್ ಕೋಣೆ ಎಲ್ಲೂ ಹೋಗಲ್ಲ. ಇದು ನಾನು ಮಾವನಿಗೆ ಕೊಡ್ತಿರೋ ಮಾತು.”

ಜನ ತಲೆದೂಗಿದರು. ಯಾರೋ ಗಟ್ಟಿಯಾಗಿ ಅತ್ತರು. ಆಗ ಕಿಟಕಿಯಿಂದ ದನಿ ಬಂತು.

“ಅಂದ... ಹಾಗೆ...”

ಗಿರಣಿಯವನು ಕಟ್ಟೆಯಿಂದ ಇಳಿದೇ ಬಿಟ್ಟ.

“ಬರೆದು... ಕೊಡು.”

ನಾನು ಚಿಲಕ ತೆಗೆದು ಒಳಗೆ ಬಿದ್ದೆ. ಇವರು ದಿಂಬಿಗೆ ಒರಗಿಕೊಂಡು ಅರ್ಧ ಮುಖ ತುಂಬ ನಗುತ್ತಿದ್ದರು, ಕಣ್ಣಿನಿಂದ ನೀರಿಳಿದು ನಳಿಕೆಯ ಪಟ್ಟಿ ಒದ್ದೆಯಾಗಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ನಾನು ಇವರ ಎದೆಯ ಮೇಲೆ ತಲೆಯಿಟ್ಟು ಅತ್ತೆ, ಬೈದೆ, ಮತ್ತೆ ಅತ್ತೆ. ಹೊರಗೆ ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಅಂಗಳವೇ ಬಿದ್ದು ಬಿದ್ದು ನಕ್ಕಿತು. ಜೀಪು ಹೋದದ್ದು ಯಾರಿಗೂ ಕೇಳಿಸಲಿಲ್ಲ.

ನವೆಂಬರ್ 20, ಗುರುವಾರ

ನಿನ್ನೆ ಪಂಚಾಯಿತಿಯ ಜವಾನನ ಕೈಲಿ ಅಧ್ಯಕ್ಷ ಹೇಳಿ ಕಳಿಸಿದ್ದ. ದುಃಖದಲ್ಲಿ ಆಡಿದ ಮಾತಂತೆ. ಸತ್ತವರಿಗೆ ಕೊಟ್ಟದ್ದಂತೆ, ಮಾವ ಬದುಕಿರುವುದರಿಂದ ಅದು ಲೆಕ್ಕಕ್ಕಿಲ್ಲವಂತೆ. ಸಭೆ ಹೇಳಿದ ದಿನವೇ ನಡೆಯುತ್ತದಂತೆ.

ಇವರಿಗೆ ತಿಳಿಸಿದೆ. ಮೊನ್ನೆಯ ಮೇಲೆ ಇವರ ಬಾಯಿಂದ ಒಂದು ಪದವೂ ಹೊರಟಿಲ್ಲ. ಇದ್ದ ಶಕ್ತಿಯನ್ನೆಲ್ಲ ಕಿಟಕಿಯ ಹತ್ತಿರ ಸುರಿದುಬಿಟ್ಟರೋ ಏನೋ. ಬಹಳ ಹೊತ್ತು ಮನೆಯ ಮಾಡು ನೋಡುತ್ತಿದ್ದರು. ಅರ್ಥವಾಯಿತು, ಇವತ್ತು ಬೆಳಗ್ಗೆ ಓದಿದೆ:

“ಅಧ್ಯಕ್ಷರು ಮಾತು ಕೊಟ್ಟದ್ದು ಸತ್ತವರಿಗೆ, ಬದುಕಿರುವವರಿಗಲ್ಲ. ಸರಿಯಾದ ಮಾತು. ಅಂದ ಹಾಗೆ, ಅದು ನಡೆಯಬೇಕಾದರೆ ಯಾರು ಸಾಯಬೇಕು ಎಂಬುದನ್ನೂ ತಿಳಿಸಿದರೆ ಊರಿಗೆ ಅನುಕೂಲ.”

ಇವರ ನಾಲಿಗೆಯೇ ಹಾಗೆ, ಮೊದಲಿನಿಂದಲೂ ಚೂರಿ.

ನವೆಂಬರ್ 22, ಶನಿವಾರ

ಬಡಗಿಯ ಹೆಂಡತಿಯನ್ನು ಇವರ ಪಕ್ಕ ಕೂರಿಸಿ ಸಭೆಗೆ ಹೋದೆ.

ಪಂಚಾಯಿತಿಯ ಉದ್ದ ಕೋಣೆ, ಗೋಡೆಗೆ ಒರಗಿಸಿದ ಬೆಂಚು, ಕಿಟಕಿಗೆ ಗಾಜಿನ ಬದಲು ರಟ್ಟು. ಅಧ್ಯಕ್ಷ ಒಳ್ಳೆಯ ಮಾತಾಡಿದ. ಹೆದ್ದಾರಿಯಲ್ಲಿ ದೊಡ್ಡ ಕೋಣೆ, ಫ್ಯಾನು, ಕೂರಲು ಕುರ್ಚಿ. ಜೊತೆಗೆ ಊರಿಗೆ ಇನ್ನೊಂದು ಬಸ್ಸು ಕೇಳುತ್ತೇನೆ ಎಂದ. ಆಮೇಲೆ, “ಬೇಡ ಅನ್ನೋರು ಎದ್ದು ನಿಂತು ಕೈ ಎತ್ತಿ, ಯಾರ್‍ಯಾರು ಅಂತ ನೋಡ್ಕೊಳ್ತೀನಿ,” ಎಂದ. ನಗುತ್ತಲೇ ಹೇಳಿದ.

ನಾನು ನಿಂತೆ. “ಮನೆಯವರು ಹೇಳಿ ಕಳಿಸಿದ್ದಾರೆ,” ಎಂದೆ. “ಫ್ಯಾನು ಒಳ್ಳೇದೇ. ಅಂದ ಹಾಗೆ, ಉಸಿರು ಇರೋರು ಅಲ್ಲೀವರೆಗೆ ಹೋಗಿ ಮುಟ್ಟಿದ್ರೆ ಗಾಳಿ ಬೀಸಬಹುದು. ಬಸ್ಸು ಬರೋವರೆಗೆ ಕಾಯಿಲೆಗೆ ಕಾಯೋಕೆ ಹೇಳೋರು ಯಾರು?” ಇನ್ನೂ ಏನೇನೋ ಹೇಳಿದೆ, ಇವರು ಹೇಳುವಂಥದ್ದನ್ನೆಲ್ಲ.

ಹಿಂತಿರುಗಿ ನೋಡಿದರೆ ನನ್ನ ಜೊತೆ ಎದ್ದಿದ್ದವನು ಗಿರಣಿಯವನೊಬ್ಬ. ಮೊನ್ನೆ ನಮ್ಮ ಅಂಗಳದಲ್ಲಿ ಅತ್ತವರೆಲ್ಲ ನೆಲ ನೋಡುತ್ತಿದ್ದರು. ಬಡಗಿ ಚಪ್ಪಲಿಯ ಉಂಗುಷ್ಠ ಸರಿ ಮಾಡಿಕೊಳ್ಳುತ್ತಿದ್ದ, ಸಭೆ ಮುಗಿಯುವವರೆಗೂ ಅದು ಸರಿಹೋಗಲಿಲ್ಲ. ಅವನ ಮೇಲೂ ಸಿಟ್ಟು ಬರಲಿಲ್ಲ. ಪಂಚಾಯಿತಿಯ ಕಿಟಕಿ ಬಾಗಿಲಿನ ಕೆಲಸ ಅವನದು, ಮನೆಯಲ್ಲಿ ನಾಲ್ಕು ಬಾಯಿ. ಆದರೆ ದಾರಿಯುದ್ದಕ್ಕೂ ಅಳು ಬಂತು.

ನವೆಂಬರ್ 29, ಶನಿವಾರ

ನರ್ಸ್ ಕೋಣೆ ಹೋಯಿತು. ಟ್ರಾಕ್ಟರಿನಲ್ಲಿ ಕಬ್ಬಿಣದ ಮಂಚ, ಮಕ್ಕಳ ತೂಕದ ತಕ್ಕಡಿ, ಬಿಳಿ ಪರದೆ. ಪರದೆ ಗಾಳಿಗೆ ಹಾರುತ್ತ ಊರು ದಾಟುವವರೆಗೂ ಕಂಡಿತು.

ನರ್ಸಮ್ಮ ಬಂದು ಇವರ ಕಾಲು ಮುಟ್ಟಿ ನೋಡಿದಳು. “ನಳಿಕೆ ಹೊರಗೆ ಬಂದ್ರೆ ನೀವು ತುರುಕಬೇಡಿ ಅಮ್ಮ, ಬಾಯಿಂದಲೂ ಕುಡಿಸಬೇಡಿ. ಹೇಗಾದ್ರೂ ನನಗೆ ಹೇಳಿ ಕಳಿಸಿ,” ಎಂದಳು. ಹೇಗಾದರೂ ಅಂದರೆ ಹೇಗೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಖಾಲಿಯಾದ ಹಳೆಯ ಕೋಣೆಯ ಬಾಗಿಲಿಗೆ ಬೀಗ. ಬೀಗದ ಕೈ ಅಧ್ಯಕ್ಷನ ಹತ್ತಿರ.

ಡಿಸೆಂಬರ್ 3, ಬುಧವಾರ

ಬೆಳಗ್ಗೆ ಕೆಮ್ಮಿ ನಳಿಕೆ ಹೊರಗೆ ಬಂತು. ಬಸ್ಸು ಬರಲಿಲ್ಲ. ಗಿರಣಿಯವನು ತನ್ನ ಟೆಂಪೋದಲ್ಲಿ ಹೆದ್ದಾರಿಗೆ ಹೋಗಿ ಬಂದ. ನರ್ಸಮ್ಮನಿಗೆ ಬೇರೆ ಊರಿನಲ್ಲಿ ಲಸಿಕೆ ಹಾಕುವ ಕೆಲಸವಂತೆ, ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತಂತೆ, ಯಾರೂ ಇರಲಿಲ್ಲವಂತೆ.

ಮಧ್ಯಾಹ್ನವಾಯಿತು, ಸಂಜೆಯಾಯಿತು. ಇವರ ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ನನ್ನನ್ನೇ ನೋಡುತ್ತಿದ್ದರು. ನೋಡಲಾರದೆ ಚಮಚದಲ್ಲಿ ಗಂಜಿ ತಿಳಿ ಕುಡಿಸಿದೆ. ಮೂರನೆಯದಕ್ಕೆ ಕೆಮ್ಮಿದರು, ಮುಖ ನೀಲಿಯಾಯಿತು, ಆಮೇಲೆ ಸರಿಹೋಯಿತು.

ಸರಿಹೋಯಿತು ಎಂದುಕೊಂಡಿದ್ದೇನೆ.

ಡಿಸೆಂಬರ್ 5, ಶುಕ್ರವಾರ

ಜ್ವರ. ಎದೆಯಲ್ಲಿ ಗೊರಗೊರ. ನರ್ಸಮ್ಮ ರಜೆ ಹಾಕಿ ಬಂದು ನಳಿಕೆ ಹಾಕಿದಳು, ಎದೆಗೆ ಕಿವಿಯಿಟ್ಟು ಕೇಳಿ ತುಟಿ ಕಚ್ಚಿಕೊಂಡಳು. ದೊಡ್ಡಾಸ್ಪತ್ರೆಗೆ ಸಾಗಿಸೋಣ ಎಂದಳು, ಟೆಂಪೋದಲ್ಲಿ ಅಷ್ಟು ದೂರ ತಡೆಯುತ್ತಾರೋ ಇಲ್ಲವೋ ಎಂದೂ ಅವಳೇ ಅಂದಳು. ಇವರು ನನ್ನ ಸೆರಗು ಹಿಡಿದುಕೊಂಡರು, ಬಿಡಲಿಲ್ಲ. ಆಸ್ಪತ್ರೆಗೆ ಹೋಗಲಿಲ್ಲ.

ಬಾಯಿಗೆ ಗಂಜಿ ತಿಳಿ ಹಾಕಿದ್ದನ್ನು ಅವಳಿಗೆ ಹೇಳಿದೆ. “ಬೇರೆ ಯಾರಿದ್ರೂ ಅದನ್ನೇ ಮಾಡ್ತಿದ್ರು,” ಎಂದಳು. ಅದರಿಂದ ಆದದ್ದಲ್ಲ ಎನ್ನಲಿಲ್ಲವಲ್ಲ.

ಸಂಜೆ ಚೀಟಿ ಓದಿದೆ. ಇವರು ರೆಪ್ಪೆ ಒಮ್ಮೆ ಮುಚ್ಚಿ ತೆರೆದರು. ಅದನ್ನೇ ಬೆಳಗ್ಗೆ ಓದುತ್ತೇನೆ: “ಅಂದ ಹಾಗೆ, ಹೆದ್ದಾರಿಯ ಹೊಸ ಕೋಣೆಯಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತಿದೆ. ಗಾಳಿಗೆ ಒಳ್ಳೆಯ ಆರೋಗ್ಯ ಬಂದಿದೆ. ಊರಿನವರ ಸರದಿ ಇನ್ನೂ ಬಂದಿಲ್ಲ.”

ಡಿಸೆಂಬರ್ 7, ಭಾನುವಾರ

ಜ್ವರ ಇಳಿದಿಲ್ಲ. ಗಂಜಿ ಇಲ್ಲ.

ಡಿಸೆಂಬರ್ 10, ಬುಧವಾರ

ಬೆಳಕು ಹರಿಯುವ ಹೊತ್ತಿಗೆ ಹೋದರು. ಕೈ ನನ್ನ ಕೈಯಲ್ಲಿತ್ತು. ಯಾವಾಗ ತಣ್ಣಗಾಯಿತೋ ತಿಳಿಯಲಿಲ್ಲ.

ಪಕ್ಕದ ಮನೆಯವರನ್ನು ಎಬ್ಬಿಸಬೇಕಿತ್ತು. ಆದರೆ ಈ ಊರಿನಲ್ಲಿ ಸಾವಿನ ಸುದ್ದಿ ಹೋಗುವುದು ಹಾರ್ನಿನಿಂದ, ಅದನ್ನು ಮಾಡಿದವರು ಇವರು. ಮುಖ ಒರೆಸಿ, ಹೊದಿಕೆ ಸರಿ ಮಾಡಿ, ಚಿಲಕ ಸಿಕ್ಕಿಸಿ ಕೇಂದ್ರಕ್ಕೆ ನಡೆದೆ. ಮೈಕು ಹಾಕಿದೆ. ಕರಕರ ಎಂದಿತು. ಕೊಳಲು ಹಾಕಲಿಲ್ಲ. ಪದ್ಧತಿಯಂತೆ ಸುಮ್ಮನೆ ಕುಳಿತೆ, ಜನ ಕೈಯಲ್ಲಿದ್ದುದನ್ನು ಕೆಳಗಿಡಲಿ ಎಂದು.

ಯಾರೂ ಏನೂ ಕೆಳಗಿಡಲಿಲ್ಲ. ಸಾಲು ಮುಂದೆ ಸಾಗುತ್ತಲೇ ಇತ್ತು, ಹಾಲು ಸುರಿಯುತ್ತಲೇ ಇತ್ತು. ಗಿರಣಿಯವನು ಕಿಟಕಿಯಲ್ಲಿ ತಲೆ ಹಾಕಿ, “ಏನಕ್ಕ, ಕಾರ್ಡು ಮತ್ತೆ ಕೈಕೊಡ್ತಾ?” ಎಂದ. ಹಿಂದಿನಿಂದ ಯಾರೋ, “ಹೋಗಿ ಅತ್ತು ಬರೋಣ್ವಾ ಇನ್ನೊಂದ್ಸಲ?” ಎಂದರು. ಸಾಲಿಗೆ ಸಾಲೇ ನಕ್ಕಿತು. ಸೈಕಲ್ ಅಂಗಡಿಯವನು ನನ್ನ ಕಡೆ ಕೈ ಚಾಚಿದ, ಕಾರ್ಡು ಕೊಡಿ ಎಂಬಂತೆ.

ಇವರಿದ್ದಿದ್ದರೆ ಎಷ್ಟು ನಗುತ್ತಿದ್ದರು.

ನಾನು ಮೈಕು ಹತ್ತಿರಕ್ಕೆ ಎಳೆದುಕೊಂಡೆ. “ಕಾರ್ಡು ಇವತ್ತು ಸರಿಯಾಗಿದೆ,” ಎಂದೆ. “ಹಾಲಿನ ಕೇಂದ್ರದ ಕಾರ್ಯದರ್ಶಿ, ನೀವೆಲ್ಲ ಹಾರ್ನಣ್ಣ ಎನ್ನುತ್ತಿದ್ದವರು, ಈಗ ತಾನೇ ತೀರಿಕೊಂಡರು. ಅಂದ ಹಾಗೆ, ಅಧ್ಯಕ್ಷರು ಯಾರಿಗೆ ಮಾತು ಕೊಟ್ಟಿದ್ದರೋ ಅವರು ಈ ಸಲ ನಿಜವಾಗಿ ಸತ್ತಿದ್ದಾರೆ. ಕಿಟಕಿಯಿಂದ ಇನ್ನು ದನಿ ಬರುವುದಿಲ್ಲ. ನರ್ಸ್ ಕೋಣೆಯ ಬೀಗದ ಕೈ ತರಬಹುದು.”

ಹಾಲು ಸುರಿಯುವ ಸದ್ದು ಆಗ ನಿಂತಿತು. ಗಿರಣಿಯವನು ಕಿಟಕಿಯ ಸರಳು ಹಿಡಿದುಕೊಂಡೇ ನೆಲಕ್ಕೆ ಕುಸಿದ. ಕಂದು ಕರು ಇನ್ನೂ ಸಿಕ್ಕಿಲ್ಲ ಎಂಬ ಚೀಟಿಯೂ ಇತ್ತು. ಅದನ್ನೂ ಓದಿ ಮೈಕು ಆರಿಸಿದೆ.

ಡಿಸೆಂಬರ್ 20, ಶನಿವಾರ

ಬೀಗ ತೆಗೆದಿಲ್ಲ. ದಿನಾ ಕೊನೆಯಲ್ಲಿ ಓದುತ್ತಿದ್ದೇನೆ, “ನರ್ಸ್ ಕೋಣೆಯ ಬೀಗ ಇವತ್ತೂ ತೆಗೆದಿಲ್ಲ.” ಈಗ ಯಾರೂ ತಲೆಯೆತ್ತುವುದಿಲ್ಲ, ಕರೆಂಟಿಲ್ಲ ಎಂಬುದನ್ನು ಕೇಳಿದ ಹಾಗೆ ಕೇಳಿ ಹೋಗುತ್ತಾರೆ. ಬಡಗಿ ಮಾತ್ರ ಅದನ್ನು ಓದುವ ಮೊದಲೇ ಸರಸರ ಹೊರಟುಬಿಡುತ್ತಾನೆ.

ಸಂಜೆ ಅಧ್ಯಕ್ಷ ಬಂದಿದ್ದ. ಮಂಚ ಇರುವ ಕಡೆಗೆ ಬೆನ್ನು ಮಾಡಿ ಕುಳಿತ. ಅತ್ತ, ಸ್ವಲ್ಪ ಹೊತ್ತು, ನಿಜವಾಗಿ. ನೀರು ಕೊಟ್ಟೆ, ಕುಡಿದ. ಕೋಣೆಯ ಮಾತು ಅವನು ಎತ್ತಲಿಲ್ಲ. ನಾನೇ ಎತ್ತಿದೆ.

“ಬಾಡಿಗೆ ಪತ್ರ ಆಗೋಗಿದೆ ಅತ್ತೆ. ನನ್ನ ಕೈ ಮೀರಿದೆ,” ಎಂದ. ಬಾಗಿಲ ಹತ್ತಿರ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ತಲೆ ತಗ್ಗಿಸಿಕೊಂಡೇ ಕೇಳಿದ, “ಮಾವನೂ ಹೋದ್ರಲ್ಲ. ಇನ್ನಾದ್ರೂ ಆ ಬಾಲ ನಿಲ್ಲಿಸ್ತೀರಾ?”

“ಅದರಲ್ಲಿ ನನ್ನದೇನಿದೆ ಕಣಪ್ಪ? ಅವರು ಹೇಳ್ತಾರೆ, ನಾನು ಓದ್ತೀನಿ.”

ಅವನು ತಲೆಯೆತ್ತಿ ನನ್ನನ್ನು ವಿಚಿತ್ರವಾಗಿ ನೋಡಿದ. ಯಾಕೆ ಹಾಗೆ ನೋಡಿದನೋ ತಿಳಿಯಲಿಲ್ಲ. ಅವನು ಹೋದ ಮೇಲೆ ಮಂಚದ ಪಕ್ಕ ಕುಳಿತು ನಾಳೆಯ ಚೀಟಿಗಳನ್ನು ಓದಿ ಹೇಳಿದೆ. ಕೆರೆ ರಸ್ತೆ, ಕರೆಂಟು, ಬಾಡಿಗೆ ಪತ್ರ. ಇವರು ಹೇಳಿದ್ದನ್ನು ಬರೆದುಕೊಂಡಿದ್ದೇನೆ. ಈ ಸಲ ಸ್ವಲ್ಪ ಉದ್ದವಾಗಿದೆ.